ತಲೆಕೆಳಗಾದ ಎರಡು

ಕಾರ್ಖಾನೆಯಲ್ಲಿ ಗುಲಿಕೋಳ ಕೈಗೆ ಒಳ್ಳೆಯ ಹೆಸರಿತ್ತು. ಬಾಯಿಗೆ ಅದಕ್ಕಿಂತ ಹೆಚ್ಚು ಹೆಸರಿತ್ತು. ತ್ಬಿಲಿಸಿಯ ಅಂಚಿನಲ್ಲಿದ್ದ ಆ ಕಾರ್ಖಾನೆಯಲ್ಲಿ ಅಳತೆಯ ಯಂತ್ರಗಳು ತಯಾರಾಗುತ್ತಿದ್ದವು. ಅವುಗಳ ಮುಖದ ಮೇಲೆ ಅಂಕಿ ಹೊಳೆಯುವುದಕ್ಕೆ ಗಾಜಿನ ಪುಟ್ಟ ದೀಪಗಳನ್ನು ಕೂರಿಸುತ್ತಿದ್ದರು. ಹೆಬ್ಬೆರಳಿನ ಗಾತ್ರದ ಗಾಜಿನ ಬುರುಡೆ. ಅದರೊಳಗೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ತೆಳು ತಗಡಿನಲ್ಲಿ ಕೊರೆದು ಒಂದರ ಹಿಂದೊಂದು ನಿಲ್ಲಿಸಿರುತ್ತಾರೆ. ಯಾವ ಅಂಕಿಯ ಕಾಲಿಗೆ ಕರೆಂಟು ಕೊಟ್ಟರೆ ಆ ಅಂಕಿ ಕೆಂಡದ ಬಣ್ಣದಲ್ಲಿ ಹೊಳೆಯುತ್ತದೆ. ಈಗ ಹೊರದೇಶದವರು ಅದನ್ನು ನಿಕ್ಸಿ ಅನ್ನುತ್ತಾರೆ. ಗುಲಿಕೋಳ ಕಾಲದಲ್ಲಿ ಅದು ಬರೀ ದೀಪ.

ದೀಪದ ತಳದಿಂದ ಹತ್ತು ಹನ್ನೆರಡು ತಂತಿಗಳು ಜೇಡನ ಕಾಲಿನಂತೆ ಇಳಿಬಿದ್ದಿರುತ್ತವೆ. ಅವನ್ನು ಬೋರ್ಡಿನ ತೂತುಗಳಿಗೆ ಒಂದೂ ಅಡ್ಡಾಗದಂತೆ ಪೋಣಿಸಿ ಬೆಸುಗೆ ಹಾಕುವುದು ಅವಳ ಸಾಲಿನ ಹೆಂಗಸರ ಕೆಲಸ. ಎಲ್ಲ ಕಾಲನ್ನೂ ಒಂದೇ ಉದ್ದಕ್ಕೆ ಕತ್ತರಿಸಿದರೆ ಹನ್ನೆರಡು ಸೂಜಿಗೆ ಒಟ್ಟಿಗೆ ದಾರ ಪೋಣಿಸಿದ ಪಾಡಾಗುತ್ತದೆ. ಗುಲಿಕೋ ಅವನ್ನು ಮೆಟ್ಟಿಲು ಮೆಟ್ಟಿಲಾಗಿ, ಒಂದಕ್ಕಿಂತ ಒಂದು ಗಿಡ್ಡ ಮಾಡಿ ಕತ್ತರಿಸುತ್ತಿದ್ದಳು. ಉದ್ದದ್ದು ಮೊದಲು ತೂತು ಹುಡುಕಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದು, ಮತ್ತೊಂದು. ಕಣ್ಣು ಬೇರೆ ಕಡೆ ಇದ್ದರೂ ಅವಳ ಬೆರಳು ಕೆಲಸ ಮಾಡುತ್ತಿತ್ತು. ಆ ಹೊತ್ತಿಗೆ ಬಾಯಿ ಯಾರದ್ದಾದರೂ ಗ್ರಹಚಾರ ಬಿಡಿಸುತ್ತಿತ್ತು.

ಜುಂಬೆರ್ ಅದೇ ಕಾರ್ಖಾನೆಯಲ್ಲಿ, ತಯಾರಾದ ಯಂತ್ರಗಳನ್ನು ಪರೀಕ್ಷೆ ಮಾಡುವ ಕೋಣೆಯಲ್ಲಿದ್ದ. ಎಡಗೈಯ ಅರ್ಧ ಕಿರುಬೆರಳು ಹುಡುಗನಾಗಿದ್ದಾಗಲೇ ಬಡಗಿಯ ಯಂತ್ರಕ್ಕೆ ಸಿಕ್ಕಿ ಹೋಗಿತ್ತು. ಒಂದು ದಿನ ಅವನು ಬೋರ್ಡೊಂದನ್ನು ಹಿಡಿದುಕೊಂಡು ಅವಳ ಮೇಜಿಗೆ ಬಂದ.

"ಏಳು ಒತ್ತಿದ್ರೆ ಒಂದು ಬರ್ತಿದೆ."

"ಕಾಗೆ ಕಣ್ಣು ಬಿಟ್ಕೊಂಡು ನೋಡಿದ್ರೆ ಹಾಗೇ ಕಾಣೋದು. ನೆಟ್ಟಗೆ ನೋಡು."

ಅವನು ನೆಟ್ಟಗೆ ನೋಡಿದ. ಬೋರ್ಡನ್ನಲ್ಲ, ಅವಳನ್ನು. ತಪ್ಪು ಅವಳದ್ದೇ ಆಗಿತ್ತು, ಎರಡು ಕಾಲು ಅದಲುಬದಲಾಗಿದ್ದವು. ಅದನ್ನು ಅವನು ಯಾರಿಗೂ ಹೇಳದೆ ತಾನೇ ಬಿಚ್ಚಿ ಸರಿ ಮಾಡಿದ. ದ್ರಾಕ್ಷಿ ಕೊಯ್ಲು ಮುಗಿಯುವ ಹೊತ್ತಿಗೆ ಮದುವೆಯಾಯಿತು. ಸಾಕ್ಷಿ ನಿಂತವನು ಅಮಿರಾನ್, ಜುಂಬೆರನ ಪಕ್ಕದ ಮೇಜಿನವನು, ಎತ್ತರದ, ಕಡಿಮೆ ಮಾತಿನ ಮನುಷ್ಯ. ಅಂದಿನಿಂದ ಅವನಿಗೆ ಗುಲಿಕೋ ಅತ್ತಿಗೆ. ಮಕ್ಕಳಾಗಲಿಲ್ಲ. ಅದರ ಬಗ್ಗೆ ನಾಲ್ಕಾರು ಮನೆಗಳ ನಡುವಿನ ಅಂಗಳದ ಹೆಂಗಸರು ಒಂದೆರಡು ಸಲ ಬಾಯಿ ಹಾಕಿ ಆಮೇಲೆ ಸುಮ್ಮನಾದರು, ಗುಲಿಕೋ ಸುಮ್ಮನಾಗಿಸಿದಳು.

ಆಮೇಲೆ ದೇಶ ಒಡೆಯಿತು. ಊರಲ್ಲಿ ಗುಂಡು ಹಾರಿತು, ಕರೆಂಟು ಹೋಯಿತು, ಗ್ಯಾಸು ಹೋಯಿತು, ಸಂಬಳವಂತೂ ಮೊದಲೇ ಹೋಗಿತ್ತು. ಕಾರ್ಖಾನೆಗೆ ಯಜಮಾನನೇ ಇಲ್ಲದಂತಾಗಿ, ಕೈಗೆ ಸಿಕ್ಕಿದ್ದನ್ನು ಸಿಕ್ಕವರು ಹೊತ್ತುಕೊಂಡು ಹೋದರು. ಬುದ್ಧಿವಂತರು ತಾಮ್ರದ ತಂತಿ ಹೊತ್ತರು, ಅದು ಟರ್ಕಿಗೆ ಹೋಗಿ ಹಿಟ್ಟಾಗಿ ಸಕ್ಕರೆಯಾಗಿ ಬಂತು. ಜುಂಬೆರ್ ಕೋಟಿನ ಒಳಪದರಕ್ಕೆ ಹತ್ತಿ ತುಂಬಿ ಅದರೊಳಗೆ ದೀಪಗಳನ್ನು ಹೊತ್ತು ತಂದ.

"ದೀಪಾನೇ ಹತ್ತದ ಊರಿಗೆ ದೀಪ ತಂದಿದೀಯಲ್ಲ ಮಾರಾಯ," ಎಂದಳು ಗುಲಿಕೋ. "ಇದನ್ನ ಬೇಯಿಸ್ಲಾ, ಹುರೀಲಾ?"

"ಇದು ಹಳೇ ಮಾಲು ಗುಲಿಕೋ. ಈ ಥರದ್ದು ಇನ್ನು ಯಾರೂ ಮಾಡಲ್ಲ. ಐದು ನೋಡು, ಐದು."

ಐದನ್ನು ಅವಳು ನೋಡಿಯೇ ಇದ್ದಳು. ಆಮೇಲಿನ ವರ್ಷಗಳಲ್ಲಿ ಬರುತ್ತಿದ್ದ ದೀಪಗಳಲ್ಲಿ ಐದಕ್ಕೆ ಬೇರೆ ಅಚ್ಚೇ ಇರಲಿಲ್ಲ. ಎರಡನ್ನು ತಲೆಕೆಳಗು ಮಾಡಿ ನಿಲ್ಲಿಸಿ ಐದು ಅಂದುಬಿಡುತ್ತಿದ್ದರು. ಉಳಿತಾಯ. ಅದೇ ಗಾತ್ರ, ಅದೇ ಎತ್ತರ, ಅದೇ ಕಾಲು. ಪಕ್ಕದಲ್ಲಿಟ್ಟರೂ ಹೊರಗಿನವರಿಗೆ ವ್ಯತ್ಯಾಸ ತಿಳಿಯದು. ಜುಂಬೆರ್ ತಂದದ್ದು ಅದಕ್ಕೂ ಮುಂಚಿನವು. ಮುಂದಿನ ಜಾಲರಿ ಕೂದಲೆಳೆಯಷ್ಟು ಸಣ್ಣ, ಐದಕ್ಕೆ ಅದರದ್ದೇ ನೆಟ್ಟಗಿನ ತಲೆ, ದುಂಡನೆಯ ಹೊಟ್ಟೆ.

ಆ ಚಳಿಗಾಲ ಅವಳು ತನ್ನ ತಾಯಿಯ ನೀಲಿಕಲ್ಲಿನ ಓಲೆ ಕೊಟ್ಟು ಸೀಮೆಎಣ್ಣೆ ತಂದಳು. ಕುರ್ಚಿಗಳನ್ನು ಒಲೆಗೆ ಹಾಕಿದರು, ಆಮೇಲೆ ಮಲಗುವ ಕೋಣೆಯ ನೆಲದ ಹಲಗೆ. ಹಲಗೆ ಕಿತ್ತ ಜಾಗದಲ್ಲಿ ಮಂಚದ ಕೆಳಗೆ ದೀಪದ ಪೆಟ್ಟಿಗೆ ಬೆಚ್ಚಗೆ ಕೂತಿತ್ತು. "ನಿನ್ನ ಗಾಜಿನ ಮಕ್ಕಳು" ಎನ್ನುತ್ತಿದ್ದಳು ಅವಳು. ಅವನು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ.

ವರ್ಷಗಳು ಕಳೆದವು. ಕರೆಂಟು ಬಂತು. ಅಮಿರಾನ್ ನದಿಯ ಪಕ್ಕದ ಸೇತುವೆಯ ಹಳೆ ಸಾಮಾನಿನ ಸಂತೆಯಲ್ಲಿ ಮರದ ಮೇಜೊಂದನ್ನು ಹಾಕಿಕೊಂಡ. ಹಳೆ ರೇಡಿಯೋ, ಕ್ಯಾಮೆರಾ, ಕೆಟ್ಟ ಗಡಿಯಾರ, ಜನ ಬಿಟ್ಟುಹೋದ ರಿಪೇರಿ. ಒಂದು ಬೇಸಿಗೆಯಲ್ಲಿ ಹೊರದೇಶದವರು ಬಂದು ಅಂಕಿಯ ದೀಪ ಕೇಳತೊಡಗಿದರು. ಗಡಿಯಾರ ಮಾಡಲು ಬೇಕಂತೆ. ಅಮಿರಾನ್ ಓಡಿ ಬಂದ.

"ಜುಂಬೆರ್, ನಿನ್ನ ಪೆಟ್ಟಿಗೆಗೆ ಕಾಲ ಬಂತು. ಕೊಟ್ಬಿಡು."

"ಅದರಲ್ಲಿ ಆರು ಗುಲಿಕೋಗೆ ಗಡಿಯಾರ ಮಾಡೋಕೆ ಇಟ್ಟಿದೀನಿ. ಬೇರೆದನ್ನ ಬೇಕಾದ್ರೆ ಒಯ್ಯಿ, ಆ ಆರು ಮಾತ್ರ ಕೊಡಲ್ಲ."

ಅಂಥ ಗಡಿಯಾರದ ಮಾತು ಗುಲಿಕೋ ಕೇಳಿದ್ದು ಅವತ್ತೇ ಮೊದಲು. ಅವಳು ಒಳಗೆ ಹೋಗಿ ಒಲೆಯ ಮೇಲಿನ ಲೋಬಿಯೋ ಬೆಂದಿದೆಯೇ ಎಂದು ಮುಚ್ಚಳ ತೆಗೆದು ನೋಡಿದಳು. ಬೀನ್ಸ್ ಬೇಯಲು ಇನ್ನೂ ಒಂದು ತಾಸು ಬೇಕಿತ್ತು. ಅಂದಿನಿಂದ ಅವಳ ಮಾತಿನ ಧಾಟಿ ಬದಲಾಯಿತು. "ಹಸ್ಕೊಂಡು ಸತ್ರೂ ನನ್ನ ಗಂಡ ಅವನ್ನ ಮಾರಲ್ಲ" ಎಂದು ಅಂಗಳದಲ್ಲಿ ಹೇಳಿಕೊಳ್ಳುವಳು. ಹಿಂದೆ ಬೈಗುಳವಾಗಿದ್ದದ್ದು ಈಗ ಹೆಮ್ಮೆಯ ಮಾತಾಯಿತು.

ಗಂಡಹೆಂಡತಿ ಒಟ್ಟಿಗೆ ಕೂತು ಮಾಡಿದ ಕೆಲಸವೆಂದರೆ ಆ ಗಡಿಯಾರವೊಂದೇ. ಇಂಥ ದೀಪ ಗೋಡೆಯ ಕರೆಂಟಿಗೂ ಬಗ್ಗುವುದಿಲ್ಲ, ಪುಟ್ಟ ಬ್ಯಾಟರಿಗೂ ಬಗ್ಗುವುದಿಲ್ಲ. ನೂರೆಂಬತ್ತು ವೋಲ್ಟ್‌ನಷ್ಟು ಸ್ಥಿರವಾದ ಕರೆಂಟು ಬೇಕು, ಅದೂ ತೊಟ್ಟು ತೊಟ್ಟಾಗಿ. ಜಾಸ್ತಿ ಹರಿದರೆ ಅಂಕಿ ಸುಡುತ್ತದೆ, ಕಡಿಮೆಯಾದರೆ ಅಂಕಿಯ ಅರ್ಧ ಮಾತ್ರ ಹೊತ್ತುತ್ತದೆ. ಆ ಭಾಗ ಜುಂಬೆರನದು. ಅವನಿಗೆ ಎರಡು ಸಲ ಹೊಡೆಯಿತು. "ಕಾರ್ಖಾನೇಲಿ ಕಚ್ಚದ ನಾಯಿ ಮನೇಲಿ ಕಚ್ತು" ಎಂದ. ಕಾಲು ಕತ್ತರಿಸಿ ಪೋಣಿಸುವುದು, ದೀಪದ ಕೆಳಗೆ ಉಣ್ಣೆ ಬಟ್ಟೆಯ ಬಿಲ್ಲೆ ಇಟ್ಟು ಒಂದೇ ಮಟ್ಟಕ್ಕೆ ನಿಲ್ಲಿಸುವುದು ಗುಲಿಕೋಳದು. ಇಷ್ಟು ವರ್ಷವಾದರೂ ಬೆರಳು ಮರೆತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಪರದೆ ಎಳೆದು ಜುಂಬೆರ್ ಗುಂಡಿ ಒತ್ತಿದ. ಆರೂ ಹೊತ್ತಿದವು. ಬಳಸದೆ ಬಿಟ್ಟ ಅಂಕಿಗೆ ಕಪ್ಪು ಹಿಡಿಯುತ್ತದೆ. ಗಂಟೆಯ ಮೊದಲ ದೀಪ ಜನ್ಮವಿಡೀ ಸೊನ್ನೆ, ಒಂದು, ಎರಡು ಬಿಟ್ಟು ಬೇರೆ ಕಾಣುವುದೇ ಇಲ್ಲ. ಅದಕ್ಕೇ ಪ್ರತಿ ಗಂಟೆಗೊಮ್ಮೆ ಆರೂ ದೀಪ ಎಲ್ಲ ಅಂಕಿಗಳನ್ನೂ ಸರಸರನೆ ಹಾದುಬರುವಂತೆ ಅವನು ಮಾಡಿದ್ದ. ಸಾಲಾಗಿ ಆರು ಐದುಗಳು, ಹೊಟ್ಟೆ ತುಂಬಿಕೊಂಡು ನಿಂತವು. ಗುಲಿಕೋ ಕಣ್ಣೊರೆಸಿಕೊಂಡಳು, ಈರುಳ್ಳಿ ಹೆಚ್ಚಿದ ಕೈ ಎಂದು ಸುಳ್ಳು ಹೇಳಿದಳು.

ಪೆಟ್ಟಿಗೆ ಮಾಡುವವರೆಗೆ ದೀಪ ಒಡೆದಾವೆಂದು ಜುಂಬೆರ್ ಅವನ್ನು ಬಿಚ್ಚಿ ಚಹಾದ ತಗಡಿನ ಡಬ್ಬಿಯಲ್ಲಿಟ್ಟ. ಆಕ್ರೋಡು ಮರದ ಹಲಗೆ ತಂದ. ಅಷ್ಟರಲ್ಲಿ ಕೆಮ್ಮು ಹತ್ತಿಕೊಂಡಿತು. ಎದೆಯ ಆಸ್ಪತ್ರೆಗೆ ವಾರಕ್ಕೆರಡು ಸಲ ಹೋಗಿ ಬರುವನು, ಬರುವಾಗ ಮಬ್ಬಾಗಿರುತ್ತಿತ್ತು. "ಸಾಲು ಉದ್ದ ಇತ್ತು" ಎನ್ನುವನು. ಪೆಟ್ಟಿಗೆಯ ಕೆಲಸ ಮುಂದೆ ಸಾಗಲಿಲ್ಲ. ಎರಡನೆಯ ವಸಂತದಲ್ಲಿ ಅವನು ಸತ್ತ.

ನಲವತ್ತನೆಯ ದಿನದ ಊಟಕ್ಕೆ ಬಂದ ಅಮಿರಾನ್ ಹೊರಡುವಾಗ ಬಾಗಿಲಲ್ಲಿ ನಿಂತ. "ಅತ್ತಿಗೆ, ಗಡಿಯಾರ ನನಗೆ ಕೊಡು. ವರ್ಷದೂಟದ ಹೊತ್ತಿಗೆ ಮುಗಿಸಿ ತರ್ತೀನಿ."

ಗುಲಿಕೋ ಬೋರ್ಡು, ಹಲಗೆ, ತಗಡಿನ ಡಬ್ಬಿ ಎಲ್ಲವನ್ನೂ ಶಾಲಿನಲ್ಲಿ ಸುತ್ತಿ ಕೊಟ್ಟಳು. ಡಬ್ಬಿ ತೆರೆದು ನೋಡಬೇಕೆಂದು ಅವಳಿಗೆ ಅನಿಸಲೇ ಇಲ್ಲ.

ವರ್ಷದೂಟಕ್ಕೆ ಅಂಗಳದಲ್ಲಿ ಉದ್ದದ ಮೇಜು ಹಾಕಿದ್ದರು. ಕುರಿಮಾಂಸದ ಅನ್ನ, ಬೀನ್ಸು, ಮೀನು. ಸತ್ತವರ ಹೆಸರಿನಲ್ಲಿ ಬಟ್ಟಲಿಗೆ ಬಟ್ಟಲು ತಾಗಿಸದೆ ಕುಡಿಯುವ ವೈನು. ಅಮಿರಾನ್ ತಂದ ಗಡಿಯಾರವನ್ನು ಜುಂಬೆರನ ಪಟದ ಪಕ್ಕ ಇಟ್ಟರು. ನುಣ್ಣಗೆ ಉಜ್ಜಿದ ಆಕ್ರೋಡಿನ ಪೆಟ್ಟಿಗೆ, ಹಿತ್ತಾಳೆಯ ಅಂಚು, ಒಳಗೆ ಆರು ಕೆಂಡ. ಬಂದವರೆಲ್ಲ ತಲೆದೂಗಿದರು. ಬಡಿಸುವ ಗಡಿಬಿಡಿಯಲ್ಲಿ ಗುಲಿಕೋ ಅದನ್ನು ಸರಿಯಾಗಿ ನೋಡಿರಲಿಲ್ಲ. ಮೇಜಿನ ಹಿರಿಯ ಎದ್ದು ಸತ್ತವನ ಕೈಚಳಕವನ್ನೂ ಬದುಕಿರುವ ಗೆಳೆಯನ ನಿಯತ್ತನ್ನೂ ಹೊಗಳುತ್ತಿದ್ದ. ಅಷ್ಟರಲ್ಲಿ ಗಂಟೆ ತುಂಬಿತು. ಆರೂ ದೀಪ ಸರಸರನೆ ಅಂಕಿ ಬದಲಾಯಿಸಿದವು. ನಾಲ್ಕರ ಅಂಕಿ ಹೋದ ಮೇಲೆ ಐದರ ಬದಲು ಆರು ದೀಪಗಳಲ್ಲೂ ಒಟ್ಟಿಗೆ ತಲೆಕೆಳಗಾದ ಎರಡು ಬಂದು ಕ್ಷಣ ನಿಂತು ಮಾಯವಾಯಿತು.

ಗುಲಿಕೋ ಕೈಯಲ್ಲಿದ್ದ ತಟ್ಟೆ ಮೇಜಿನ ಮೇಲಿಟ್ಟಳು.

"ಅಮಿರಾನ್, ಇದು ನನ್ನ ಗಂಡನ ಐದಲ್ಲ."

ಮೇಜಿನ ಹಿರಿಯ ಮಾತು ನಿಲ್ಲಿಸಿದ. ಅಮಿರಾನ್ ತನ್ನ ಬಟ್ಟಲು ನೋಡುತ್ತಿದ್ದ.

"ಡಬ್ಬೀಲಿ ಇದ್ದದ್ದನ್ನೇ ಹಾಕಿದೀನಿ ಅತ್ತಿಗೆ."

"ಯಾರಿಗೆ ಹೇಳ್ತೀಯ? ಆ ದೀಪಕ್ಕೆ ಇಪ್ಪತ್ತು ವರ್ಷ ಕಾಲು ಪೋಣಿಸಿದೋಳು ನಾನು. ಜಾಲರಿ ನೋಡು, ಸೊಳ್ಳೆಪರದೆ ಥರ ಇದೆ. ಸಾಲು ನೋಡು, ಒಂದು ಮೇಲೆ ಒಂದು ಕೆಳಗೆ, ಬಿಲ್ಲೆ ಇಡದೆ ತುರುಕಿದೀಯ. ನಾನು ಕೂರಿಸಿದ ದೀಪ ಎಲ್ಲಿ? ಯಾವನಿಗೆ ಮಾರ್ದೆ?"

"ಅತ್ತಿಗೆ, ಊಟ ನಡೀತಿದೆ. ಆಮೇಲೆ ಮಾತಾಡೋಣ."

"ಯಾಕೆ ಆಮೇಲೆ? ಅವನು ಬದುಕಿದ್ದಾಗ ಕೇಳಿ ಕೇಳಿ ಸಾಕಾಯ್ತು ನಿನಗೆ, ಸಿಗಲಿಲ್ಲ. ಸತ್ತ ಮೇಲೆ ಸಿಕ್ತು. ಹೆಣದ ಮೈಮೇಲಿನ ಬಟ್ಟೆ ಬಿಚ್ಚೋರು ನಿನಗಿಂತ ಮೇಲು."

ಅಮಿರಾನ್‌ನ ಹೆಂಡತಿ ಇಜೋಲ್ದಾ ಎದ್ದು ನಿಂತಳು. "ಹೇಳಿ," ಎಂದಳು ಗಂಡನಿಗೆ. "ಇವಳಿಗೆ ಹೇಳ್ತೀರೋ, ನಾನು ಹೇಳ್ಲೋ?" ಅಮಿರಾನ್ ಅವಳ ಮಣಿಕಟ್ಟು ಹಿಡಿದ. ಜುಂಬೆರನ ಪಟದ ಕಡೆ ಒಮ್ಮೆ ನೋಡಿ, "ಹಾಗೇ ಅಂದ್ಕೋ ಅತ್ತಿಗೆ" ಎಂದ. ಇಬ್ಬರೂ ಹೊರಟುಹೋದರು.

ಆ ಮಾತನ್ನು ಎಲ್ಲರೂ ತಪ್ಪೊಪ್ಪಿಗೆ ಎಂದುಕೊಂಡರು. ಗುಲಿಕೋಳೂ ಅಷ್ಟೆ. ಊಟಕ್ಕೆ ಬಂದವರಲ್ಲಿ ಸೇತುವೆಯ ಸಂತೆಯವರು ನಾಲ್ಕು ಜನರಿದ್ದರು, ಸುದ್ದಿಗೆ ಅಷ್ಟು ಸಾಕಾಗಿತ್ತು. ಸಂತೆಯಲ್ಲಿ ಸುಳ್ಳು ಬೆಲೆ ಹೇಳಿದರೆ ಯಾರೂ ಬೇಸರಿಸುವುದಿಲ್ಲ; ರಿಪೇರಿಗೆ ಬಿಟ್ಟುಹೋದ ಸಾಮಾನಿನ ಒಳಗಿನದನ್ನು ಬದಲಿಸಿದನೆಂದರೆ ಅವನ ಮೇಜಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಬಿಟ್ಟವರು ಬಂದು ತಮ್ಮ ತಮ್ಮ ರೇಡಿಯೋ ವಾಪಸು ಒಯ್ದರು, ಹಿಂದಿನ ಮುಚ್ಚಳ ತೆಗೆದು ಅವನ ಎದುರಿಗೇ ಒಳಗೆ ಇಣುಕಿ ನೋಡಿ ಒಯ್ದರು. ಚಳಿಗಾಲ ಬರುವ ಮುಂಚೆ ಅಮಿರಾನ್ ಮೇಜು ಎತ್ತಿದ. ಯಾವುದೋ ಕಾರು ನಿಲ್ಲಿಸುವ ಜಾಗದಲ್ಲಿ ಕಾವಲಿಗಿದ್ದಾನೆಂದು ಗುಲಿಕೋಳ ಕಿವಿಗೂ ಬಿತ್ತು. "ಆಗ್ಬೇಕಾದ್ದೇ" ಎಂದಳು.

ಗಂಡನ ದೀಪಗಳನ್ನು ಹುಡುಕುವುದನ್ನು ಮಾತ್ರ ಅವಳು ಬಿಡಲಿಲ್ಲ. ಸಂತೆಯ ಮೇಜು ಮೇಜಿಗೂ ಹೋಗಿ ಕೇಳಿದಳು. ಕೊನೆಗೆ ಅಂಗಳದ ರೂಸಿಕೋ ಎಂಬಾಕೆ ಸುದ್ದಿ ತಂದಳು: ಎದೆಯ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಹೊಸದೊಂದು ವೈನಿನ ಅಂಗಡಿ, ಅದರ ಗೋಡೆಯ ಮೇಲೆ ಅಂಥದ್ದೇ ಗಡಿಯಾರ.

ಗುಲಿಕೋ ಹೋದಳು. ಬಾಗಿಲಲ್ಲೇ ಗೊತ್ತಾಯಿತು. ಕೂದಲೆಳೆಯ ಜಾಲರಿ, ಹೊಟ್ಟೆಯ ಐದು. ಅಂಗಡಿಯ ಸಾಂದ್ರೋ ಗಡ್ಡ ಬಿಟ್ಟ, ಹಸನ್ಮುಖದ ತರುಣ. ಅವಳಿಗೆ ಕುರ್ಚಿ ಎಳೆದು ಹಾಕಿದ.

"ಇದನ್ನ ನಿನಗೆ ಮಾರಿದೋನು ಅಮಿರಾನ್ ತಾನೇ? ಎತ್ತರದ ಆಸಾಮಿ?"

"ಇಲ್ಲಮ್ಮ, ಕುಳ್ಳಗಿದ್ರು. ಜುಂಬೆರ್ ಮಾವ ಅಂತ. ಪಾಪ, ತುಂಬಾ ಕೆಮ್ಮೋರು."

ಗುಲಿಕೋ ಕೂರಲಿಲ್ಲ. "ಜುಂಬೆರ್ ಅನ್ನೋರು ಊರ ತುಂಬಾ ಇದಾರೆ."

"ಇರಬಹುದು. ಇವರ ಕಿರುಬೆರಳು ಅರ್ಧ ಇರಲಿಲ್ಲ, ಈ ಕೈಯಲ್ಲಿ." ಸಾಂದ್ರೋ ತನ್ನ ಎಡಗೈ ತೋರಿಸಿದ. "ಪಕ್ಕದಲ್ಲಿ ಜೂಜಿನ ಅಂಗಡಿ ಇದೆಯಲ್ಲ, ಗುಂಡಿ ಒತ್ತೋ ಯಂತ್ರದ್ದು, ಅಲ್ಲಿಗೆ ಬರೋರು. ಆಸ್ಪತ್ರೆ ಮುಗಿಸ್ಕೊಂಡು ಬಂದ್ರೆ ಸಂಜೆವರೆಗೂ ಅಲ್ಲೇ. ಮೊದಲು ಎರಡು ದೀಪ ತಂದ್ರು. ಆಮೇಲೆ ಎರಡು. ಕೊನೇ ಎರಡು ತಂದ ದಿನ ಇಲ್ಲೇ ಕೂತು ಒಂದು ಲೋಟ ಕುಡಿದ್ರು. 'ಹೆಂಡತಿಗೆ ಗೊತ್ತಾದ್ರೆ ನನ್ನ ತಲೆ ಹೋಗುತ್ತೆ, ಗೆದ್ದ ದಿನ ವಾಪಸ್ ಒಯ್ತೀನಿ, ಬೇರೆಯವರಿಗೆ ಕೊಡಬೇಡ' ಅಂದ್ರು. ನಾನೂ ಕಾದೆ. ಬರಲೇ ಇಲ್ಲ. ಆಮೇಲೆ ಗಡಿಯಾರ ಮಾಡಿಸ್ದೆ. ನಿಮಗೆ ಗೊತ್ತಾ ಅವರು?"

"ಗೊತ್ತು," ಎಂದಳು ಗುಲಿಕೋ.

ಹೊರಗೆ ಬಂದು ಜೂಜಿನ ಅಂಗಡಿಯ ಗಾಜಿನ ಮುಂದೆ ನಿಂತಳು. ಒಳಗೆ ಅವಳ ಗಂಡನ ವಯಸ್ಸಿನವರು ಎತ್ತರದ ಸ್ಟೂಲುಗಳ ಮೇಲೆ ಕೂತು ಗುಂಡಿ ಒತ್ತುತ್ತಿದ್ದರು. ತಾಯಿಯ ಓಲೆ ಸೀಮೆಎಣ್ಣೆಗೆ ಹೋದ ಚಳಿಗಾಲವನ್ನು ಅವಳು ಎಂದೋ ಕ್ಷಮಿಸಿದ್ದಳು, ಆ ದೀಪಗಳು ತನಗಾಗಿ ಇವೆ ಎಂದು ತಿಳಿದ ಮೇಲೆ. ಈಗ ಆ ಕ್ಷಮೆಯನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಬೈಯುವುದಕ್ಕೆ ಮನುಷ್ಯನೇ ಇರಲಿಲ್ಲ.

ಮರುದಿನ ಊರಂಚಿನ ಗ್ಲ್ದಾನಿ ಬಡಾವಣೆಗೆ ಹೋದಳು. ಅಮಿರಾನ್ ಇದ್ದದ್ದು ಅಲ್ಲಿಯ ಎತ್ತರದ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ. ಕಾಸು ಹಾಕಿದರೆ ಮಾತ್ರ ಏರುವ ಲಿಫ್ಟಿಗೆ ಅವಳ ಹತ್ತಿರ ಚಿಲ್ಲರೆ ಇರಲಿಲ್ಲ, ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದ ಇಜೋಲ್ದಾ ಒಳಗೆ ಕರೆಯಲಿಲ್ಲ, ಬಾಗಿಲು ಹಾಕಲೂ ಇಲ್ಲ.

"ಗೊತ್ತಾಯ್ತಾ?" ಎಂದಳು.

"ಗೊತ್ತಾಯ್ತು."

"ಡಬ್ಬೀಲಿ ಏನಿತ್ತು ಗೊತ್ತಾ? ತುಕ್ಕು ಹಿಡಿದ ಮೊಳೆ. ಭಾರಕ್ಕೆ. ಅಲ್ಲಾಡಬಾರ್ದು ಅಂತ ಹತ್ತಿ ಬೇರೆ. ಇವರು ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ತಮ್ಮ ಹತ್ರ ಇದ್ದದ್ರಲ್ಲಿ ಒಳ್ಳೇ ಆರು ಆರಿಸಿ ಹಾಕಿದ್ರು. ಗುಲಿಕೋ ಕಣ್ಣಿಗೆ ಬಿದ್ದೇ ಬೀಳುತ್ತೆ ಕಣ್ರೀ ಅಂದೆ. 'ಬೀಳಬಹುದು. ಐದೇ ಬರದಂಥ ಗಡಿಯಾರ ಮಾಡೋಕಾಗುತ್ತಾ?' ಅಂದ್ರು. ಕಣ್ಣಿಗೆ ಬಿತ್ತು. ಬಿದ್ದ ಮೇಲೆ ನಿನ್ನ ಬಾಯಿ ನಿಲ್ಲುತ್ತಾ?"

ಒಳಗಿಂದ ಅಮಿರಾನ್ ಬಂದ. ಕಾವಲಿನವರ ನೀಲಿ ಅಂಗಿ ತೊಟ್ಟಿದ್ದ, ಕೆಲಸಕ್ಕೆ ಹೊರಟಿದ್ದನೆಂದು ಕಾಣುತ್ತದೆ. ಒಂದು ವರ್ಷದಲ್ಲಿ ಭುಜ ಬಾಗಿತ್ತು.

"ಅವತ್ತು ಯಾಕೆ ಹೇಳಲಿಲ್ಲ ನೀನು?" ಎಂದಳು ಗುಲಿಕೋ. ಕ್ಷಮೆ ಕೇಳಲು ಬಂದವಳ ಬಾಯಿಂದ ಮೊದಲು ಬಂದದ್ದು ದೂರು.

"ಅವನ ವರ್ಷದೂಟ. ಅವನ ಪಟದ ಮುಂದೆ ಹೇಗೆ ಹೇಳ್ಲಿ?"

"ಆಮೇಲೆ ಹೇಳಬಹುದಿತ್ತು. ಮನೆಗೆ ಬಂದು."

"ಆಮೇಲೆ ನಿಮ್ಮ ಮನೆಗೆ ಬರೋ ಮನಸ್ಸಾಗಲಿಲ್ಲ."

ಅವನು 'ನಿನ್ನ' ಬಿಟ್ಟು 'ನಿಮ್ಮ' ಎಂದದ್ದು ಅವಳಿಗೆ ಕೂಡಲೇ ಹೊಳೆಯಲಿಲ್ಲ. "ಸಂತೇಗೆ ಹೋಗ್ತೀನಿ ನಾಳೆ," ಎಂದಳು. "ಒಬ್ಬೊಬ್ಬರಿಗೂ ಹೇಳ್ತೀನಿ, ಅಮಿರಾನ್ ಏನೂ ಮಾಡಿಲ್ಲ, ಎಲ್ಲಾ ನನ್ನ ಗಂಡಂದು ಅಂತ."

"ಬೇಡಿ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದು ಅವನ ಮರ್ಯಾದೆಗೆ. ಈಗ ನೀವೇ ಹೋಗಿ ಹೇಳಿದ್ರೆ ನಾನು ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ನನ್ನದೂ ಹೋಯ್ತು, ಅವನದೂ ಹೋಗುತ್ತೆ."

"ಅಮಿರಾನ್, ನನ್ನದು ತಪ್ಪಾಯ್ತು."

"ಆಯ್ತು," ಎಂದ ಅವನು. "ಹೊತ್ತಾಯ್ತು ನನಗೆ. ಹುಷಾರಾಗಿ ಇಳೀರಿ, ಕೆಳಗಿನ ಮೆಟ್ಟಿಲು ಒಡೆದಿದೆ."

ಗುಲಿಕೋ ಅವನ ಮಾತು ಕೇಳಲಿಲ್ಲ. ಸಂತೆಗೆ ಹೋದಳು. ಸೇತುವೆಯ ಆ ತುದಿಯಿಂದ ಈ ತುದಿಯವರೆಗೆ, ವರ್ಷದೂಟಕ್ಕೆ ಬಂದಿದ್ದವರಿಗೂ ಬಾರದವರಿಗೂ, ತನ್ನ ಗಂಡ ಜೂಜಾಡಿ ದೀಪ ಕಳೆದನೆಂದು ಹೇಳಿದಳು. ಕೆಲವರು, "ಅಯ್ಯೋ ಬಿಡು ಗುಲಿಕೋ ಅಕ್ಕ, ನಾವು ಅವತ್ತೇ ನಂಬಿರಲಿಲ್ಲ" ಎಂದರು. ಅಮಿರಾನ್‌ನನ್ನು ನಂಬದೆ ರೇಡಿಯೋ ವಾಪಸು ಒಯ್ದಿದ್ದವರೂ ಹಾಗೇ ಎಂದರು. ಪದಕ ಮಾರುವ ಮುದುಕನೊಬ್ಬ ಮಾತ್ರ ಅವಳು ಬೆನ್ನು ತಿರುಗಿಸುವ ಮೊದಲೇ ಪಕ್ಕದವನಿಗೆ ಹೇಳಿದ: "ಮೊದಲು ಕಳ್ಳ ಅಂದ್ಲು, ಈಗ ಸಾಚಾ ಅಂತಾಳೆ. ಸತ್ತೋನ ಮೇಲೆ ಹಾಕ್ತಾಳೆ. ವಿಧವೆಗೂ ಅವನಿಗೂ ಮಧ್ಯೆ ಏನು ನಡೀತೋ ಯಾರಿಗೆ ಗೊತ್ತು."

ವಾರದೊಳಗೆ ಅದೇ ಮಾತು ಗ್ಲ್ದಾನಿಯ ಆ ಕಟ್ಟಡದ ಮೆಟ್ಟಿಲು ಹತ್ತಿತು. ಇಜೋಲ್ದಾ ಸ್ವಲ್ಪ ಕಾಲ ತಂಗಿಯ ಮನೆಗೆ ಹೋಗಿ ಕೂತಳಂತೆ. ಅಮಿರಾನ್ ಸಂತೆಗೆ ಮರಳಲಿಲ್ಲ. ಗುಲಿಕೋ ಕೂಡ ಅತ್ತ ಹಾಯುವುದನ್ನು ಬಿಟ್ಟಳು. ಅಂಗಳದಲ್ಲಿ ಅವಳ ಬಾಯಿ ಹಿಂದಿನಂತೆ ಕೇಳಿಸುತ್ತಿರಲಿಲ್ಲ. ಜುಂಬೆರನ ಮಾತು ಬಂದರೆ ಬಟ್ಟೆ ಒಣಗಿತೇ ನೋಡುವ ನೆಪದಲ್ಲಿ ಎದ್ದು ಹೋಗುತ್ತಿದ್ದಳು. ಗಡಿಯಾರದ ವೈರು ಕಿತ್ತು ಅದನ್ನು ಬೀರುವಿನ ಮೇಲೆ ಏರಿಸಿದಳು. ಧೂಳು ಒರೆಸುತ್ತಿದ್ದಳು, ಹಚ್ಚುತ್ತಿರಲಿಲ್ಲ. ರೂಸಿಕೋ ಒಮ್ಮೆ ಯಾಕೆಂದು ಕೇಳಿದಾಗ, "ಗಂಟೆ ತಿಳ್ಕೊಂಡು ನಾನೇನು ಮಾಡ್ಲಿ" ಎಂದಳು.

ಈಸ್ಟರ್‌ನ ಮಾರನೆಯ ದಿನ ಊರೆಲ್ಲ ಸಮಾಧಿಗಳಿಗೆ ಹೋಗುತ್ತದೆ. ಗುಲಿಕೋ ಕೆಂಪು ಮೊಟ್ಟೆ, ಸಿಹಿ ಬ್ರೆಡ್ಡು, ಒಂದು ಸೀಸೆ ವೈನು ತೆಗೆದುಕೊಂಡು ಗುಡ್ಡ ಹತ್ತಿದಳು. ಹುಲ್ಲು ಕಿತ್ತು ಕಲ್ಲು ತೊಳೆಯುತ್ತಿದ್ದಾಗ ಅಮಿರಾನ್ ಬಂದ. ಟೋಪಿ ತೆಗೆದ. ಕೆಂಪು ಮೊಟ್ಟೆಯೊಂದನ್ನು ಸಮಾಧಿಯ ಮೇಲೆ ಉರುಳಿಸಿದ, ವೈನು ಸುರಿದ, ತುಟಿ ಅಲ್ಲಾಡಿಸುತ್ತ ಸ್ವಲ್ಪ ಹೊತ್ತು ನಿಂತ. ಗೆಳೆಯನ ಹತ್ತಿರ ಅವನಿಗೆ ಏನೇನೋ ಹೇಳಿಕೊಳ್ಳುವುದಿದ್ದಂತೆ ಕಾಣುತ್ತಿತ್ತು. ಗುಲಿಕೋ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಕಾದಳು. ಅವಳೂ ಚಳಿಗಾಲವಿಡೀ ಮಾತು ಕೂಡಿಟ್ಟಿದ್ದಳು.

ಅವನು ಅವಳ ಕಡೆ ತಿರುಗಿ ತಲೆ ಬಾಗಿಸಿದ.

"ಚೆನ್ನಾಗಿದೀರಾ, ಗುಲಿಕೋ ಅಮ್ಮನವರೇ?"

"ಚೆನ್ನಾಗಿದೀನಿ," ಎಂದಳು ಅವಳು. "ಇಜೋಲ್ದಾ?"

"ಗೇಟಿನ ಹತ್ರ ಇದಾಳೆ. ಮೇಲೆ ಬರೋಕೆ ಮಂಡಿ ನೋವು."

ಅವನು ಟೋಪಿ ಹಾಕಿಕೊಂಡು ಇಳಿಜಾರಿನಲ್ಲಿ ಹೊರಟ. ಬೇರೆ ಬೇರೆ ಸಮಾಧಿಗಳ ಸುತ್ತ ಕೂತು ಉಣ್ಣುತ್ತಿದ್ದವರು ಅವನನ್ನು ಕರೆದು ಬಟ್ಟಲು ಕೊಟ್ಟರು. ಅವನು ಒಂದೆರಡು ಕಡೆ ನಿಂತು ಕುಡಿದ. ಗುಲಿಕೋ ಅವನು ಕಾಣುವವರೆಗೂ ನೋಡಿದಳು. ಆಮೇಲೆ ಕಲ್ಲಿನ ಕಡೆ ತಿರುಗಿ, "ಮಾಡಿದೆಯಲ್ಲ ಮಾರಾಯ," ಎಂದು ಮೆಲ್ಲಗೆ ಹೇಳಿ, ಉಳಿದರ್ಧ ಕಲ್ಲನ್ನು ತೊಳೆದು ಮುಗಿಸಿದಳು.